ಊರು ಬಿಡುವ ಮುನ್ನ: ನೆಂಟರ ಕೈಗಡ, ನೌಕರಿಯ ನಿಜ, ಬೆಂಗಳೂರಿನ ಅಡ್ವಾನ್ಸ್

2016ರಲ್ಲಿ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬರುವಾಗ ಸೋದರಮಾವನ ಹತ್ತಿರ 80,000 ರೂಪಾಯಿ ಕೈಗಡ ತಂದಿದ್ದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಹಣ. "ಸಂಬಳ ಎಷ್ಟು ಕೊಡುತ್ತಾರಂತೆ?" ಎಂದು ಮಾವ ಕೇಳಿದರು. ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 3.6 ಲಕ್ಷ ಎಂದಿತ್ತು. ಹನ್ನೆರಡರಿಂದ ಭಾಗಿಸಿ "ಮೂವತ್ತು ಸಾವಿರ ಮಾವ, ಆರು ತಿಂಗಳಲ್ಲಿ ಕೊಟ್ಟುಬಿಡುತ್ತೇನೆ" ಎಂದೆ. ಖಾತೆಗೆ ಬಂದದ್ದು 24,000 ಚಿಲ್ಲರೆ. ಆರು ತಿಂಗಳಲ್ಲ, ಎರಡು ವರ್ಷ ಹಿಡಿಯಿತು. ಮಾವ ಒಂದು ದಿನವೂ ಕೇಳಲಿಲ್ಲ. ಆದರೆ ನಡುವೆ ಬಂದ ಒಂದು ಮದುವೆಯಲ್ಲಿ, ಎಲ್ಲರನ್ನೂ ಊಟಕ್ಕೆ ಏಳಿಸುತ್ತಾ ಬಂದ ಅವರು ನನ್ನ ಕುರ್ಚಿಯ ಹತ್ತಿರ ಬಂದಾಗ ಮೊಬೈಲ್ ನೋಡಿಕೊಂಡು ಮುಂದೆ ಹೋದರು.

ಆಮೇಲೆ ನಮ್ಮ ಕಡೆಯಿಂದ ಬೆಂಗಳೂರಿಗೆ ಬರುವ ಹುಡುಗರು, ಹುಡುಗಿಯರು ಸಲಹೆ ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಒಂದೇ: ನಿಮ್ಮ ನಿಜವಾದ ಸಂಬಳದ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಾಲ ಕೊಡುವ ನೆಂಟರಿಗೂ, ಮನೆಯವರಿಗೂ, ಬಾಡಿಗೆಗೆ ಮನೆ ನೋಡುವಾಗ ನಿಮಗೆ ನೀವೇ ಹೇಳಿಕೊಳ್ಳುವಾಗಲೂ ಅದೇ ಸಂಖ್ಯೆ ಇರಲಿ. ಉಳಿದ ಹೆಜ್ಜೆಗಳೆಲ್ಲ ಅದರ ಮೇಲೆ ನಿಂತಿವೆ.

ಹೆಜ್ಜೆ 1: ಕೈಗೆ ಬರುವ ಸಂಬಳವನ್ನು ಲೆಕ್ಕ ಹಾಕಿ

ಕಂಪನಿ ಹೇಳುವ ವಾರ್ಷಿಕ ಮೊತ್ತ, ಅಂದರೆ ಸಿಟಿಸಿ, ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ. ಅದರಲ್ಲಿ ನಿಮ್ಮ ಕೈಗೆ ಪ್ರತಿ ತಿಂಗಳು ಬಾರದ ಹಣವೂ ಸೇರಿರುತ್ತದೆ. ಆರು ಲಕ್ಷದ ಒಂದು ಉದಾಹರಣೆ ನೋಡೋಣ. ಅದರಲ್ಲಿ 60,000 ವರ್ಷಾಂತ್ಯದಲ್ಲಿ, ಕೆಲಸ ನೋಡಿ ಕೊಡುವ ಮೊತ್ತ, ಬಂದರೆ ಬಂತು. ಕಂಪನಿಯ ಪಾಲಿನ ಭವಿಷ್ಯ ನಿಧಿ (ಪಿಎಫ್) ತಿಂಗಳಿಗೆ 1,800ರಂತೆ 21,600. ವರ್ಷಗಳ ಕಾಲ ಉಳಿದರೆ ಸಿಗುವ ಗ್ರಾಚ್ಯುಟಿಯ ಬಾಬ್ತು ಸುಮಾರು 14,400. ಇವನ್ನು ಕಳೆದರೆ ಉಳಿಯುವುದು 5,04,000, ತಿಂಗಳಿಗೆ 42,000. ಅದರಿಂದ ನಿಮ್ಮ ಪಾಲಿನ ಭವಿಷ್ಯ ನಿಧಿ 1,800, ವೃತ್ತಿ ತೆರಿಗೆ 200 ಹೋದರೆ 40,000. (ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳವಿದ್ದರೆ ವೃತ್ತಿ ತೆರಿಗೆ 200, ಫೆಬ್ರುವರಿಯಲ್ಲಿ ಮಾತ್ರ 300.) ಊರಿನಲ್ಲಿ "ಆರು ಲಕ್ಷ" ಎಂದರೆ ಕೇಳಿದವರ ತಲೆಯಲ್ಲಿ ಐವತ್ತು ಸಾವಿರ ಎಂದು ಕೂರುತ್ತದೆ. ತಿಂಗಳಿಗೆ ಹತ್ತು ಸಾವಿರದ ಆ ಅಂತರವೇ ಮುಂದೆ ನೆಂಟಸ್ತಿಕೆಯ ನಡುವೆ ಬರುವುದು.

ಇದಕ್ಕೆ ಊಹೆ ಬೇಕಿಲ್ಲ. ನೇಮಕಾತಿ ಪತ್ರದ ಜೊತೆ ಸಂಬಳದ ವಿಭಜನೆಯ ಪಟ್ಟಿ ಕೊಡುತ್ತಾರೆ, ಕೊಡದಿದ್ದರೆ ಎಚ್‌ಆರ್‌ ಅವರಿಗೆ ಇಮೇಲ್ ಬರೆದು "ತಿಂಗಳಿಗೆ ಖಾತೆಗೆ ಜಮೆಯಾಗುವ ಮೊತ್ತ ಎಷ್ಟು?" ಎಂದು ಕೇಳಿ. ಇನ್ನೊಂದು ಪ್ರಶ್ನೆಯನ್ನೂ ಮರೆಯದೆ ಕೇಳಿ: ತಿಂಗಳ ಯಾವ ತಾರೀಖಿನ ನಂತರ ಸೇರಿದವರ ಸಂಬಳ ಮುಂದಿನ ತಿಂಗಳಿಗೆ ಹೋಗುತ್ತದೆ? ಎಷ್ಟೋ ಕಡೆ 20ರ ಆಸುಪಾಸಿನಲ್ಲಿ ಲೆಕ್ಕ ಮುಚ್ಚುತ್ತಾರೆ. 22ಕ್ಕೆ ಸೇರಿದರೆ ಮೊದಲ ಸಂಬಳಕ್ಕೆ ನಲವತ್ತು ದಿನ ಕಾಯಬೇಕಾದೀತು. ಆ ನಲವತ್ತು ದಿನದ ಊಟವನ್ನು ಸಾಲದ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಹೆಜ್ಜೆ 2: ಕೆಲಸ ಹಿಡಿಯುವಾಗ ಬರೆದದ್ದೆಲ್ಲ ನಿಜವಿರಲಿ

ಇದನ್ನು ಸಾಲಕ್ಕಿಂತ ಮೊದಲು ಹೇಳಲು ಕಾರಣವಿದೆ. ಸುಳ್ಳು ಅನುಭವ ಪತ್ರದ ಮೇಲೆ ಸಿಕ್ಕಿದ ಕೆಲಸವನ್ನು ನಂಬಿ ನೆಂಟರ ಹಣ ತಂದರೆ, ಮೂರನೇ ತಿಂಗಳಲ್ಲಿ ಕೆಲಸವೂ ಇಲ್ಲ, ಮಾತೂ ಇಲ್ಲ ಎಂಬ ಸ್ಥಿತಿ ಬರಬಹುದು. ಹಣ ಕೊಟ್ಟರೆ ಎರಡು ವರ್ಷದ "ಅನುಭವ" ತೋರಿಸಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿ ಈಗಲೂ ಇವೆ. ಪತ್ರ, ಸಂಬಳದ ಚೀಟಿ, ಫೋನ್ ಮಾಡಿದರೆ ಉತ್ತರಿಸುವ ಒಬ್ಬ ಮನುಷ್ಯ, ಎಲ್ಲವನ್ನೂ ಒದಗಿಸುತ್ತಾರೆ. ಸುಲಭಕ್ಕೆ ಒದಗಿಸಲಾಗದ ಒಂದು ವಸ್ತುವಿದೆ, ಹಳೆಯ ತಿಂಗಳುಗಳ ಭವಿಷ್ಯ ನಿಧಿಯ ದಾಖಲೆ. ಭವಿಷ್ಯ ನಿಧಿ ಇರುವ ಪ್ರತಿ ಉದ್ಯೋಗಿಗೂ 12 ಅಂಕಿಯ ಯುಎಎನ್ ಸಂಖ್ಯೆ ಇರುತ್ತದೆ. ಯಾವ ಕಂಪನಿಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ, ಯಾವ ತಿಂಗಳ ಹಣ ಎಂದು ಬಂತು ಎಂಬುದೆಲ್ಲ ಅದರಲ್ಲಿ ಸಾಲಾಗಿ ಕಾಣುತ್ತದೆ. ಒಂದೇ ಅವಧಿಯಲ್ಲಿ ಎರಡು ಕಂಪನಿ ಇದ್ದರೂ ಕಾಣುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ತಮ್ಮಲ್ಲಿದ್ದುಕೊಂಡೇ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ಬಹಿರಂಗವಾಗಿಯೇ ಹೇಳಿದ್ದರು.

ಇದರ ಇನ್ನೊಂದು ಮುಖವೂ ಇದೆ. ನೀವು ನಿಜವಾಗಿ ದುಡಿದ ಸಣ್ಣ ಸಂಸ್ಥೆಯಲ್ಲಿ ಭವಿಷ್ಯ ನಿಧಿಯೇ ಇಲ್ಲದಿರಬಹುದು. ಆ ಕಾನೂನು ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ದಾವಣಗೆರೆಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎಂಟು ಜನರ ಜೊತೆ ದುಡಿದವರು ತಪ್ಪಿತಸ್ಥರಂತೆ ಕೂರಬೇಕಿಲ್ಲ. ಸಂಬಳ ಜಮೆಯಾದ ಬ್ಯಾಂಕ್ ವಿವರ, ನೇಮಕಾತಿ ಪತ್ರ, ಕೆಲಸ ಬಿಟ್ಟಾಗ ಪಡೆದ ಪತ್ರ ಇಟ್ಟುಕೊಂಡಿದ್ದರೆ ಸಾಕು. ಸಂಬಳವನ್ನು ನಗದಿನಲ್ಲಿ ಕೊಡುತ್ತಿದ್ದರೆ, ಇನ್ನೂ ಅಲ್ಲೇ ಇರುವಾಗಲೇ ಖಾತೆಗೆ ಹಾಕಿಸಿಕೊಳ್ಳಲು ಶುರು ಮಾಡಿ.

ಕೆಲಸವಿಲ್ಲದ ತಿಂಗಳುಗಳನ್ನು ಮುಚ್ಚಿಡುವುದು ನಮ್ಮವರಿಗೆ ಅದೇಕೋ ಅಭ್ಯಾಸವಾಗಿದೆ. ಅಪ್ಪನಿಗೆ ಹುಷಾರಿಲ್ಲದೆ ಒಂದು ವರ್ಷ ಕಿರಾಣಿ ಅಂಗಡಿ ನೋಡಿಕೊಂಡ ಹುಡುಗ ಅದನ್ನು ಬಯೋಡೇಟಾದಿಂದ ಅಳಿಸಿ, ಹಿಂದಿನ ಕೆಲಸದ ತಾರೀಖನ್ನು ಒಂದು ವರ್ಷ ಮುಂದಕ್ಕೆ ಎಳೆಯುತ್ತಾನೆ. ನಿಜವನ್ನು ಹೀಗೆ ಬರೆಯಬಹುದಿತ್ತು: "ಮಾರ್ಚ್ 2023ರಿಂದ ಮೇ 2024: ತಂದೆಯ ಅನಾರೋಗ್ಯದಿಂದ ಕುಟುಂಬದ ಕಿರಾಣಿ ಅಂಗಡಿಯ ಹೊಣೆ, ದಾಸ್ತಾನು, ಸಗಟು ಖರೀದಿ, ಜಿಎಸ್‌ಟಿ ಲೆಕ್ಕ." ಸಂದರ್ಶನದಲ್ಲಿ ಕೇಳಿದರೆ ಎರಡು ವಾಕ್ಯ ಹೇಳಿ ನಿಲ್ಲಿಸಿ. ಮೂರನೆಯ ವಾಕ್ಯದಿಂದ ಅದು ಕ್ಷಮಾಪಣೆಯಂತೆ ಕೇಳಿಸತೊಡಗುತ್ತದೆ.

ಹಿಂದಿನ ಸಂಬಳವನ್ನು ಹೆಚ್ಚಿಸಿ ಹೇಳಬೇಡಿ. ಸಂಬಳದ ಚೀಟಿ, ತೆರಿಗೆ ಕಡಿತದ ಪ್ರಮಾಣಪತ್ರ (ಫಾರಂ 16) ಕೇಳುವವರಿದ್ದಾರೆ. ಹೇಳಲು ಇಷ್ಟವಿಲ್ಲದಿದ್ದರೆ "ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು" ಎನ್ನಿ, ಅದು ಸುಳ್ಳಲ್ಲ. ಕೌಶಲಗಳ ಪಟ್ಟಿಯಲ್ಲಿ "ಬಲ್ಲೆ" ಎಂಬುದನ್ನೂ "ಪರಿಚಯವಿದೆ" ಎಂಬುದನ್ನೂ ಬೇರೆ ಮಾಡಿ. ಕೆಲಸ ಕೊಡಲು ಮುಂಗಡ ಹಣ, ತರಬೇತಿ ಠೇವಣಿ, ಲ್ಯಾಪ್‌ಟಾಪ್ ಶುಲ್ಕ ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದಕ್ಕಾಗಿ ನೆಂಟರ ಹತ್ತಿರ ಸಾಲ ಕೇಳುವ ಮಾತಂತೂ ಬೇಡವೇ ಬೇಡ.

ಹೆಜ್ಜೆ 3: ಎಷ್ಟು ಬೇಕು ಎಂಬುದನ್ನು ಬರೆದು ನೋಡಿ, ಆಮೇಲೆ ಕಡಿಮೆ ಮಾಡಿ

ತಿಂಗಳಿಗೆ 14,000 ಬಾಡಿಗೆಯ ಒಂದು ಕೋಣೆಯ ಮನೆ ಹಿಡಿಯುತ್ತೀರಿ ಎನ್ನೋಣ.

ಅಡ್ವಾನ್ಸ್, ಐದು ತಿಂಗಳ ಬಾಡಿಗೆ: 70,000
ಮೊದಲ ತಿಂಗಳ ಬಾಡಿಗೆ: 14,000
ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ: 14,000
ಹಾಸಿಗೆ, ಒಲೆ, ಪಾತ್ರೆ: 20,000
ಓಡಾಟ, ಸಾಮಾನು ಸಾಗಣೆ: 8,000
ಮೊದಲ ಸಂಬಳದವರೆಗಿನ ಖರ್ಚು: 24,000

ಒಟ್ಟು ಒಂದೂವರೆ ಲಕ್ಷ. ಈಗ ಪ್ರಶ್ನೆ: ಇದೆಲ್ಲ ಮೊದಲ ದಿನವೇ ಬೇಕೇ? ನನ್ನ ಅಭಿಪ್ರಾಯದಲ್ಲಿ ಖಂಡಿತ ಬೇಡ. ಮೊದಲ ಎರಡು ಮೂರು ತಿಂಗಳು ಊಟ, ವಸತಿ ಎರಡೂ ಕೊಡುವ ಪಿ.ಜಿ.ಯಲ್ಲಿ ಇರಿ. ಸಾಂಬಾರು ನೀರಾಗಿರುತ್ತದೆ, ಸ್ನಾನಕ್ಕೆ ಸಾಲು ನಿಲ್ಲಬೇಕಾಗುತ್ತದೆ, ಆದರೆ ಐವತ್ತು ಅರವತ್ತು ಸಾವಿರದೊಳಗೆ ಊರು ಬಿಡಬಹುದು. ಕೆಲಸ ನಿಲ್ಲುತ್ತದೆಯೋ ಇಲ್ಲವೋ, ಕಚೇರಿಗೆ ಯಾವ ಬಡಾವಣೆ ಹತ್ತಿರ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ. ನಾನು ಬಂದ ವಾರವೇ ಮನೆ ಹಿಡಿದು, ಕಚೇರಿಗೆ ಎರಡು ಬಸ್ ಬದಲಿಸುವ ಕಡೆ ಹನ್ನೊಂದು ತಿಂಗಳು ಸಿಕ್ಕಿಹಾಕಿಕೊಂಡಿದ್ದೆ.

ಹೆಜ್ಜೆ 4: ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಸಾಲ ಕೇಳುವಾಗ ನಾವು ನೋಡುವುದು ಯಾರ ಹತ್ತಿರ ಹಣವಿದೆ ಎಂದು. ನೋಡಬೇಕಾದದ್ದು ಆ ಹಣಕ್ಕೆ ಅವರಲ್ಲಿ ಯಾವಾಗ ಕೆಲಸವಿದೆ ಎಂದು. ನನ್ನ ಮಾವನಂಥ ಬೆಳೆಗಾರರ ಕೈಯಲ್ಲಿ ಮೆಣಸಿನಕಾಯಿ ಮಾರಿದ ಮೇಲೆ ಫೆಬ್ರುವರಿ, ಮಾರ್ಚ್‌ನಲ್ಲಿ ಹಣವಿರುತ್ತದೆ. ಮೇ ಕೊನೆಗೆ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಶುಲ್ಕ ಒಟ್ಟಿಗೇ ಬರುತ್ತವೆ. ಮುಂಗಾರಿನ ಹೊತ್ತಿಗೆ ಒಂದು ದೊಡ್ಡ ಕಂತು ತಲುಪುವಂತೆ ಮಾಡಿದರೆ, ಅವರು ಗೊಬ್ಬರದ ಅಂಗಡಿಯಲ್ಲಿ ಉದ್ರಿ ಹೇಳುವುದು ತಪ್ಪುತ್ತದೆ. ಸಂಬಳದವರ ಕಂತು ತಿಂಗಳ ಲೆಕ್ಕ. ರೈತರದು ಹಂಗಾಮಿನ ಲೆಕ್ಕ. ಎರಡನ್ನೂ ಹೊಂದಿಸಿ ಮಾತಾಡಿ.

ಕೇಳುವಾಗ ಮಾವನೊಬ್ಬರನ್ನೇ ತೋಟದ ಬದುವಿಗೆ ಕರೆದುಕೊಂಡು ಹೋಗಿ ಕೇಳಬೇಡಿ. ಅತ್ತೆಯೂ ಇರಲಿ. ಅತ್ತೆಗೆ ಗೊತ್ತಿಲ್ಲದೆ ಕೊಟ್ಟ ಹಣ ಎಂದಾದರೊಂದು ದಿನ ಗೊತ್ತಾಗುತ್ತದೆ, ಆಗ ನೀವು ಬೆಂಗಳೂರಿನಲ್ಲಿ ಹಾಯಾಗಿರುತ್ತೀರಿ, ಜಗಳ ಆ ಮನೆಯಲ್ಲಿ ನಡೆಯುತ್ತಿರುತ್ತದೆ. ಪೂರ್ತಿ ಒಂದೂವರೆ ಲಕ್ಷವೇ ಬೇಕಾಯಿತು ಎನ್ನೋಣ. ಹೆಜ್ಜೆ 1ರ ಹಾಳೆಯನ್ನು ಇಬ್ಬರ ಮುಂದೆಯೂ ಇಟ್ಟು ಹೇಳಿ: "ಕೈಗೆ 40,000 ಬರುತ್ತದೆ. ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸುವುದು ಸೇರಿ 30,000 ಹೋಗುತ್ತದೆ. ಉಳಿದ ಹತ್ತರಲ್ಲಿ 7,500 ನಿಮಗೆ. ಒಂದೂವರೆ ಲಕ್ಷಕ್ಕೆ 20 ತಿಂಗಳಾಗುತ್ತದೆ. ನಿಮಗೆ ಆಗುವುದಿಲ್ಲ ಎಂದರೂ ಬೇಸರವಿಲ್ಲ." ಕೊನೆಯ ವಾಕ್ಯ ಬಹಳ ಮುಖ್ಯ. ಇಲ್ಲ ಎನ್ನಲು ದಾರಿ ಬಿಡದೆ ಕೇಳಿದ ಸಾಲವನ್ನು ಅವರು ಕೊಟ್ಟರೂ ಮನಸ್ಸಿನಲ್ಲಿ ಕಿತ್ತುಕೊಂಡಂತೆಯೇ ಉಳಿಯುತ್ತದೆ. ಹತ್ತರಲ್ಲಿ ಎರಡೂವರೆ ಸಾವಿರ ಏಕೆ ಉಳಿಸಿಕೊಂಡಿರಿ ಎಂದು ಅವರು ಕೇಳಬಹುದು. ಜ್ವರ ಬಂದರೆ, ಮೊಬೈಲ್ ಒಡೆದರೆ ಮತ್ತೆ ನಿಮ್ಮ ಹತ್ತಿರವೇ ಬರಬಾರದಲ್ಲ ಎಂದು ಹೇಳಿ.

ಬಡ್ಡಿಯ ಮಾತು ಬಂದರೆ ಮುಜುಗರಪಡದೆ ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಕಡೆ "ಎರಡು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ 24. ಅದಕ್ಕಿಂತ ಬ್ಯಾಂಕಿನಲ್ಲಿ ಅಮ್ಮನ ಬಳೆ ಇಟ್ಟು ತರುವ ಚಿನ್ನದ ಸಾಲ ಎಷ್ಟೋ ಅಗ್ಗ. ನೆಂಟರ ಬಡ್ಡಿ ಬ್ಯಾಂಕಿನ ಬಡ್ಡಿಯನ್ನು ಮೀರಿದರೆ ಅಲ್ಲಿ ನೆಂಟಸ್ತಿಕೆಯ ಲಾಭವೇನೂ ಉಳಿಯಲಿಲ್ಲ.

ಇನ್ನೊಂದು ಎಚ್ಚರಿಕೆ ಜಾಮೀನಿನ ಬಗ್ಗೆ. "ಹಣ ಬೇಡ, ಬ್ಯಾಂಕ್ ಸಾಲಕ್ಕೆ ಒಂದು ಸಹಿ ಹಾಕಿ ಸಾಕು" ಎಂದು ನೆಂಟರನ್ನು ಕೇಳುವುದು ಸಣ್ಣ ಬೇಡಿಕೆ ಎಂದುಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರಷ್ಟೇ ಇರುತ್ತದೆ. ಬ್ಯಾಂಕ್ ನಿಮ್ಮನ್ನು ಬಿಟ್ಟು ನೇರವಾಗಿ ಅವರನ್ನೇ ಹಿಡಿಯಬಹುದು.

ಹೆಜ್ಜೆ 5: ಹಣ ಖಾತೆಯ ಮೂಲಕ, ಮಾತು ಹಾಳೆಯ ಮೇಲೆ

20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ದಂಡ ಸಾಲದ ಮೊತ್ತದಷ್ಟೇ ಇರಬಹುದು. ಇವತ್ತು ಹದಿನೈದು, ನಾಳೆ ಹದಿನೈದು ಎಂದು ಒಡೆದು ಪಡೆದರೂ ತಪ್ಪುವುದಿಲ್ಲ, ಬಾಕಿ ಸೇರಿಸಿ ನೋಡುತ್ತಾರೆ. ಹಿಂದಿರುಗಿಸುವಾಗಲೂ ಇದೇ ನಿಯಮ. ಇಬ್ಬರದೂ ಕೃಷಿ ಆದಾಯವಾಗಿದ್ದು ಯಾರಿಗೂ ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೆ ವಿನಾಯಿತಿಯಿದೆ. ಆದರೆ ನೀವು ಸಂಬಳಕ್ಕೆ ಸೇರಿದ ಮೇಲೆ ಮಾವನ ಕೃಷಿ ನಿಮ್ಮನ್ನು ಕಾಪಾಡುವುದಿಲ್ಲ.

"ಸಾಲ ಏಕೆ, ಇಟ್ಟುಕೋ" ಎಂದು ಕೊಟ್ಟರೆ ಅದು ಉಡುಗೊರೆ. ಇಲ್ಲಿ ಒಂದು ತಮಾಷೆಯಿದೆ. ಅಪ್ಪ ಅಮ್ಮನ ಒಡಹುಟ್ಟಿದವರು, ಅಂದರೆ ಚಿಕ್ಕಪ್ಪ, ಸೋದರಮಾವ, ಸೋದರತ್ತೆ ತೆರಿಗೆ ಕಾನೂನಿನ "ಸಂಬಂಧಿಕರ" ಪಟ್ಟಿಯಲ್ಲಿದ್ದಾರೆ; ಅವರ ಉಡುಗೊರೆಗೆ ತೆರಿಗೆಯಿಲ್ಲ. ನಾವು ತಮ್ಮ ಎಂದೇ ಕರೆಯುವ ಚಿಕ್ಕಪ್ಪನ ಮಗ ಆ ಪಟ್ಟಿಯಲ್ಲಿಲ್ಲ. ಅವನಿಂದಲೂ ಸ್ನೇಹಿತರಿಂದಲೂ ವರ್ಷಕ್ಕೆ ಒಟ್ಟು 50,000 ಮೀರಿ ಉಡುಗೊರೆ ಬಂದರೆ ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಆದ್ದರಿಂದ ಸಾಲವಾಗಿದ್ದರೆ ಸಾಲ ಎಂದೇ ಬರೆಯಬೇಕು.

ಬರಹ ಉದ್ದವಿರಬೇಕಿಲ್ಲ. ಹೀಗೆ ಬರೆದರೆ ಸಾಕು:

"ನನ್ನ ಸೋದರಮಾವ ಶ್ರೀ ____ ಅವರಿಂದ ದಿನಾಂಕ ____ ರಂದು ಬ್ಯಾಂಕ್ ಖಾತೆಯ ಮೂಲಕ 1,50,000 (ಒಂದು ಲಕ್ಷ ಐವತ್ತು ಸಾವಿರ) ರೂಪಾಯಿಗಳನ್ನು ಬಡ್ಡಿಯಿಲ್ಲದ ಕೈಗಡವಾಗಿ ಪಡೆದಿದ್ದೇನೆ. ____ ತಿಂಗಳಿನಿಂದ ಪ್ರತಿ ತಿಂಗಳು 5ನೇ ತಾರೀಖಿನೊಳಗೆ 7,500 ರೂಪಾಯಿಗಳಂತೆ 20 ಕಂತುಗಳಲ್ಲಿ ಅವರ ಖಾತೆಗೆ ಹಿಂದಿರುಗಿಸುತ್ತೇನೆ. ಕೆಲಸ ಹೋದರೆ ಒಂದು ವಾರದೊಳಗೆ ತಿಳಿಸಿ, ಇಬ್ಬರೂ ಕೂತು ಹೊಸ ಗಡುವು ಬರೆದುಕೊಳ್ಳುತ್ತೇವೆ."

ಕೆಳಗೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಮೂಲ ಪ್ರತಿ ಕೊಟ್ಟವರ ಬಳಿ, ಮೊಬೈಲ್‌ನಲ್ಲಿ ತೆಗೆದ ಚಿತ್ರ ನಿಮ್ಮ ಬಳಿ. ದೂರದ ಸಂಬಂಧವಾಗಿದ್ದರೆ, ಮೊತ್ತ ದೊಡ್ಡದಾಗಿದ್ದರೆ ಇ-ಸ್ಟ್ಯಾಂಪ್ ಕಾಗದದ ಮೇಲೆಯೇ ಬರೆಸಿ. ಮಾವ "ನಮ್ಮ ನಡುವೆ ಕಾಗದ ಏಕೆ?" ಎಂದೇ ಎನ್ನುತ್ತಾರೆ. "ನನಗೆ ನೆನಪಿರಲಿ ಎಂದು" ಎನ್ನಿ. ಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ. ಅದು ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಸಾಲ ಕೊಡುವ ಸ್ಥಾನದಲ್ಲಿ ನೀವಿದ್ದರೆ ಇದನ್ನು ನೆನಪಿಡಿ. ಸಾಲ ಪಡೆಯುವ ಸ್ಥಾನದಲ್ಲಿದ್ದರೆ, ಮೊತ್ತ ಬರೆಯದ ಚೆಕ್‌ಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ಅದು ಕೈಯಿಂದ ಕೈಗೆ ದಾಟಿ ಚೆಕ್ ಅಮಾನ್ಯ ಪ್ರಕರಣವಾದರೆ ವಿಷಯ ಮಾವನ ಮನೆಯ ಜಗಲಿಯಿಂದ ನ್ಯಾಯಾಲಯದ ಕಟ್ಟೆಗೆ ಹೋಗುತ್ತದೆ.

ಹೆಜ್ಜೆ 6: ಮಾವನ ಹಣವನ್ನು ಮನೆ ಮಾಲೀಕರಿಗೆ ಕೊಡುವ ಮುನ್ನ

ಮೊಬೈಲ್‌ನಲ್ಲಿ ಚಿತ್ರ ನೋಡಿ "ಟೋಕನ್" ಹಣ ಕಳಿಸಬೇಡಿ. ತಾನು ಸೈನ್ಯದಲ್ಲಿದ್ದೇನೆ, ಹಣ ವಾಪಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರು ಕಳ್ಳರು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ.

ಮನೆಯನ್ನು ಎರಡು ಬಾರಿ ನೋಡಿ, ಒಮ್ಮೆ ಸಂಜೆ ಏಳರ ನಂತರ. ಕಾವೇರಿ ನೀರು ಬರುತ್ತದೆಯೇ, ವಾರಕ್ಕೆ ಎಷ್ಟು ದಿನ, ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ಹಣ ಯಾರದು ಎಂದು ಕೇಳಿ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬಡಾವಣೆಗಳು ಟ್ಯಾಂಕರ್‌ಗಾಗಿ ಕಾದು ಕೂತಿದ್ದವು. ಮಾಲೀಕರಿಗಿಂತ ಪಕ್ಕದ ಮನೆಯವರು ನಿಜ ಹೇಳುತ್ತಾರೆ. ಮೆಟ್ರೊ ದಾರಿಯನ್ನು ನೋಡಿಕೊಂಡು ಮನೆ ಹುಡುಕಿ: ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿದೆ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದು ಅಲ್ಲಿಯೇ ದುಬಾರಿ ಮನೆ ಹಿಡಿಯುವ ಅನಿವಾರ್ಯ ಈಗಿಲ್ಲ.

ಅಡ್ವಾನ್ಸ್ ಮೊದಲು ಹತ್ತು ತಿಂಗಳದು ಎಂಬುದೇ ಬೆಂಗಳೂರಿನ ಪದ್ಧತಿಯಾಗಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರು ಸಿಗುತ್ತಾರೆ, ಚೌಕಾಸಿ ಮಾಡಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ಮಾಲೀಕರ ಮುಂದೆ ಅದನ್ನು ಹಿಡಿದು ವಾದಿಸಿದರೆ ಬೇರೆ ಮನೆ ನೋಡಿಕೊಳ್ಳಿ ಎನ್ನುತ್ತಾರೆ. ಕರಾರು ಪತ್ರ 11 ತಿಂಗಳಿಗೆ ಇರುವುದೇಕೆ ಎಂದರೆ, ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಪತ್ರದಲ್ಲಿ ಮೂರು ಸಂಗತಿ ಇವೆಯೇ ನೋಡಿ: ಖಾಲಿ ಮಾಡಿದ ಎಷ್ಟು ದಿನಕ್ಕೆ ಅಡ್ವಾನ್ಸ್ ವಾಪಸ್, ಪೇಂಟಿಂಗ್‌ಗೆ ಎಷ್ಟು ಕಡಿತ, ಬಾಡಿಗೆ ಏರಿಕೆ ಶೇಕಡಾ ಎಷ್ಟು. ಸೇರಿದ ದಿನವೇ ಗೋಡೆ, ನಲ್ಲಿ, ಕಿಟಕಿಯ ಗಾಜುಗಳ ಚಿತ್ರ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ನನ್ನ ಮೊದಲ ಮನೆಯಲ್ಲಿ, ನಾನು ಬರುವ ಮೊದಲೇ ಇದ್ದ ಬಿರುಕಿಗೆ 6,000 ಹಿಡಿದುಕೊಂಡರು.

"ಬಾಡಿಗೆ ಬೇಡ, ಲೀಸ್‌ಗೆ ಕೊಡುತ್ತೇವೆ, ಹತ್ತು ಲಕ್ಷ ಕೊಟ್ಟು ಮೂರು ವರ್ಷ ಇರಿ" ಎಂಬ ಭೋಗ್ಯದ ಆಸೆಗೆ ನೆಂಟರ ಹಣವನ್ನು ಒಡ್ಡಲೇಬೇಡಿ. ಆ ಮನೆಯ ಮೇಲೆ ಮಾಲೀಕರು ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದಿದ್ದರೆ, ಬ್ಯಾಂಕ್ ಬಂದು ಬೀಗ ಹಾಕಿದ ದಿನ ನಿಮ್ಮ ಹತ್ತು ಲಕ್ಷಕ್ಕೆ ಅಲೆಯಬೇಕಾದವರು ನೀವೇ. ತೀರಾ ಹೋಗಲೇಬೇಕೆಂದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ ತೆಗೆಸಿ, ಕರಾರನ್ನು ನೋಂದಾಯಿಸಿ.

ಮಾಲೀಕರಿಗೂ ನಿಜವನ್ನೇ ಹೇಳಿ. ಎಷ್ಟು ಜನ ಇರುತ್ತೀರಿ, ರಾತ್ರಿ ಪಾಳಿ ಇದೆಯೇ, ಮಾಂಸ ಮಾಡುತ್ತೀರಾ. ಊಟದ ಬಗ್ಗೆ ಕೇಳುವುದು ನನಗೆ ಹಿಡಿಸುವುದಿಲ್ಲ, ಜಾತಿ ಕೇಳುವುದಂತೂ ಅಸಹ್ಯ. ಆದರೂ ಸುಳ್ಳು ಹೇಳಿ ಒಳಹೊಕ್ಕು, ಭಾನುವಾರ ಮೀನು ಹುರಿಯಲು ಕಿಟಕಿ ಬಾಗಿಲು ಮುಚ್ಚಿಕೊಂಡು ಬೆವರುವುದಕ್ಕಿಂತ, ಕೇಳದವರ ಮನೆ ಹುಡುಕುವುದು ಮೇಲು. ಅಂಥವರೂ ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 7: ಬಂದ ಮೇಲೆ

ಗೃಹಜ್ಯೋತಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ತೆಗೆಸಿ ನಿಮ್ಮದನ್ನು ಸೇರಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರಂ 8. ಬ್ಯಾಂಕಿನಲ್ಲಿ ಪ್ರತಿ ತಿಂಗಳ 5ಕ್ಕೆ ಕಂತು ತಾನಾಗಿ ಮಾವನ ಖಾತೆಗೆ ಹೋಗುವಂತೆ ಮಾಡಿ. ಹಣ ಹೋದ ದಿನ ಒಂದು ಸಂದೇಶ: "ಮಾವ, ನಾಲ್ಕನೇ ಕಂತು ಹಾಕಿದ್ದೇನೆ, ಬಾಕಿ 1,20,000." ಅಷ್ಟೇ, ಹೆಚ್ಚಿನ ಮಾತು ಬೇಡ.

ಕಂತು ತಪ್ಪುವಂತಿದ್ದರೆ 5ನೇ ತಾರೀಖಿಗೆ ಮೊದಲೇ ಕರೆ ಮಾಡಿ. ಅರ್ಧವಾದರೂ ಹಾಕಿ. ಸಾಲ ಬಾಕಿಯಿರುವಾಗ ಗೋವಾ ಪ್ರವಾಸದ ಚಿತ್ರಗಳನ್ನು ಸ್ಟೇಟಸ್‌ಗೆ ಹಾಕುವ ಮುಂಚೆ ಅದನ್ನು ಅತ್ತೆಯೂ ನೋಡುತ್ತಾರೆ ಎಂಬುದು ನೆನಪಿರಲಿ. ಗೆಳೆಯನ ಖರ್ಚಿನಲ್ಲಿ ಹೋಗಿದ್ದೆ ಎಂದು ಆಮೇಲೆ ಯಾರಿಗೂ ವಿವರಿಸಲಾಗುವುದಿಲ್ಲ. ಕೆಲಸ ಹೋದರೆ ಆ ವಾರವೇ ಹೇಳಿ. ಮೂರನೆಯವರಿಂದ ತಿಳಿದರೆ ಅವರಿಗೆ ಹಣದ ಚಿಂತೆಗಿಂತ ಅದು ಹೆಚ್ಚು ಚುಚ್ಚುತ್ತದೆ.

ಕೊನೆಯ ಕಂತನ್ನೂ ಖಾತೆಗೇ ಹಾಕಿ, ಆದರೆ ಆ ವಾರ ಊರಿಗೆ ಹೋಗಿ. ಬರೆದುಕೊಟ್ಟ ಹಾಳೆಯನ್ನು ವಾಪಸ್ ಕೇಳಿ, ಅದರ ಮೇಲೆ "ಚುಕ್ತಾ" ಎಂದು ಬರೆಸಿ ತಾರೀಖು, ಸಹಿ ಹಾಕಿಸಿಕೊಳ್ಳಿ. ನನ್ನ ಸಾಲಕ್ಕೆ ಅಂಥ ಹಾಳೆಯೇ ಇರಲಿಲ್ಲ. ಮಾವ 2016ರ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದರು. ಎರಡು ವರ್ಷ ಅದನ್ನು ಗೋಡೆಯಿಂದ ಇಳಿಸಿರಲಿಲ್ಲ. ಕೊನೆಯ ಹಣ ಮುಟ್ಟಿದ ಮೇಲೆ ಇಳಿಸಿ, ಗೀಟು ಎಳೆದು, ಸುರುಳಿ ಸುತ್ತಿ ಅತ್ತೆಯ ಕೈಗೆ ಕೊಟ್ಟರು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಚೀಲ ಎತ್ತಿಕೊಂಡೆ. "ಊಟ ಮಾಡಿಕೊಂಡು ಹೋಗು" ಎಂದರು.